ಶೆರಿಫನ ಹೆಂಡತಿಯ ಅಡುಗೆಮನೆ

ಫೋನು ಮಾಡಿದ್ದು ಆಲ್ಮಾ. ಅದನ್ನು ಆಕೆ ಯಾವತ್ತೂ ಇಲ್ಲವೆನ್ನಲಿಲ್ಲ. ಫೆಬ್ರವರಿಯ ಒಂದು ಮಧ್ಯಾಹ್ನ ಮೊಮ್ಮಗ ಗ್ಯಾರೆಟ್ ಸುತ್ತಿಗೆ ತೆಗೆದುಕೊಂಡು ಮೈಕ್ರೋವೇವ್ ಒಡೆದ, ಅದರೊಳಗಿಂದ ಯಾರೋ ತನ್ನ ಮಾತು ಕದಿಯುತ್ತಿದ್ದಾರೆಂದು ವೈರುಗಳನ್ನು ಕಿತ್ತ, ಆಮೇಲೆ ಹಿಮ ತುಂಬಿದ ಅಂಗಳ ದಾಟಿ ಪಕ್ಕದ ಮನೆಯವರ ಟ್ರಕ್ಕಿನ ಗಾಜಿಗೆ ಏಟು ಹಾಕಿದ. ಮನೆಯಲ್ಲಿದ್ದವರು ಎಂಬತ್ತು ದಾಟಿದ ಈ ಅಜ್ಜಿ, ಮತ್ತು ಗ್ಯಾರೆಟ್‌ನ ತಂಗಿ ಬ್ರಿನ್, ಇನ್ನೂ ಹೈಸ್ಕೂಲಿನ ಹುಡುಗಿ. ಇಂಥ ಹೊತ್ತಿನಲ್ಲಿ ಎಲ್ಲರೂ ಒತ್ತುವ ತುರ್ತು ನಂಬರನ್ನು ಆಲ್ಮಾ ಒತ್ತಲಿಲ್ಲ. ಜೈಲಿನ ನಂಬರು ಆಕೆಗೆ ಬಾಯಿಪಾಠ. ಒಂದು ಕಾಲದಲ್ಲಿ ಅದು ಆಕೆಯ ಮನೆಯ ನಂಬರೇ ಆಗಿತ್ತು.

ನಮ್ಮ ಟಾಲ್ಮನ್ ಕೌಂಟಿಯಲ್ಲಿ ಹಿಂದೆ ಪೊಲೀಸರಿಗೂ ಜೈಲಿಗೂ ಮೇಲಧಿಕಾರಿಯಾದ ಶೆರಿಫ್ ಸಂಸಾರ ಸಮೇತ ಜೈಲಿನಲ್ಲೇ ಇರಬೇಕಿತ್ತು. ಇಟ್ಟಿಗೆಯ ಒಂದೇ ಕಟ್ಟಡ. ಮುಂದಿನರ್ಧ ಮನೆ, ಹಿಂದಿನರ್ಧ ಸೆರೆಕೋಣೆ, ನಡುವೆ ಕಬ್ಬಿಣದ ಬಾಗಿಲು. ಕೈದಿಗಳಿಗೆ ಅಡುಗೆ ಮಾಡಿ ಹಾಕುವುದು ಶೆರಿಫನ ಹೆಂಡತಿಯ ಕೆಲಸ. ಆಲ್ಮಾಳ ಗಂಡ ಮರ್ಲ್ ಕ್ರಾಂಟ್ಸ್ ಕುಡಿದು ಗಲಾಟೆ ಮಾಡಿದ ಹುಡುಗರನ್ನು ತಂದು ಒಳಗೆ ಹಾಕುತ್ತಿದ್ದ. ಆಲ್ಮಾ ಹಿಸುಕಿದ ಆಲೂಗಡ್ಡೆಯ ಮೇಲೆ ಕೋಳಿಸಾರಿನ ನೂಡಲ್ಸ್ ಸುರಿದು ತಟ್ಟೆ ಒಳಗೆ ತಳ್ಳುತ್ತಿದ್ದಳು. ಬೆಳಿಗ್ಗೆ ಅಮ್ಮಂದಿರು ಬಂದು ಕಿವಿ ಹಿಂಡಿ ಕರೆದೊಯ್ಯುತ್ತಿದ್ದರು. ಜೈಲು ಅಂದರೆ ಆಲ್ಮಾಳ ಮನಸ್ಸಿನಲ್ಲಿ ಅಷ್ಟೇ. ಮರ್ಲ್ ಸತ್ತು, ಆ ಮನೆ ಖಾಲಿ ಮಾಡಿ, ಕಾಲ ಎಷ್ಟೋ ಮುಂದೆ ಹೋಗಿದ್ದರೂ, ಜೈಲೂ ಬದಲಾಗಿರುತ್ತದೆಂದು ಆಕೆಗೆ ಹೊಳೆಯಲಿಲ್ಲ.

"ನಾನು ಮರ್ಲ್ ಹೆಂಡ್ತಿ ಕಣಪ್ಪ. ನಮ್ಮ ಹುಡುಗನ್ನ ಒಂದು ರಾತ್ರಿ ಇಟ್ಕೊಳ್ಳಿ. ನಾಳೆ ಅವರಮ್ಮ ಬಂದು ಕರ್ಕೊಂಡ್ ಹೋಗ್ತಾಳೆ," ಅಂದಳು ಫೋನಿನಲ್ಲಿ.

ಫೋನೆತ್ತಿದವನಿಗೆ ಮರ್ಲ್ ಯಾರೆಂದು ಗೊತ್ತಿರಲಿಲ್ಲ. ಬಂದ ಇಬ್ಬರು ಡೆಪ್ಯುಟಿ ಪೊಲೀಸರಿಗೂ ಗೊತ್ತಿರಲಿಲ್ಲ. ಹಿಡಿಯಲು ಹೋದಾಗ ಗ್ಯಾರೆಟ್ ಒಬ್ಬನನ್ನು ಮೆಟ್ಟಿಲಿಂದ ತಳ್ಳಿದ. ಆ ಡೆಪ್ಯುಟಿಯ ಮಣಿಕಟ್ಟು ಮುರಿಯಿತು. ಅಲ್ಲಿಗೆ ಒಂದು ರಾತ್ರಿಯ ಮಾತು ಮುಗಿಯಿತು. ಮರುದಿನ ತಾಯಿ ಡೀನಾ ಜೈಲಿಗೆ ಹೋದಾಗ ಗಾಜಿನ ಹಿಂದಿದ್ದ ಹುಡುಗಿ ತಲೆಯೆತ್ತದೆ ಹೇಳಿದಳು: "ಅಧಿಕಾರಿ ಮೇಲೆ ಹಲ್ಲೆ. ಜಡ್ಜ್ ಮುಂದೆ ಹೋಗ್ಬೇಕು. ಸುಮ್ನೆ ಕರ್ಕೊಂಡ್ ಹೋಗೋಕಾಗಲ್ಲ."

ಡೀನಾ ಶಾಲೆಯ ಬಸ್ಸು ಓಡಿಸುತ್ತಾಳೆ. ಅವತ್ತು ಸಂಜೆಯ ಸುತ್ತು ಮುಗಿಸಿ ಬಂದವಳು ಕೋಟು ಬಿಚ್ಚದೆ ಊಟದ ಮೇಜಿನ ಮುಂದೆ ನಿಂತಳು. ಆಲ್ಮಾ ಮಾಂಸ ಹಾಕಿದ ಬೀನ್ಸ್ ಸಾರು ಬಡಿಸುತ್ತಿದ್ದಳು.

"ನನಗ್ಯಾಕೆ ಫೋನ್ ಮಾಡ್ಲಿಲ್ಲ ಆಲ್ಮಾ?"

ಸಿಟ್ಟು ಬಂದಾಗ ಮಾತ್ರ ಡೀನಾ ಅತ್ತೆಯನ್ನು ಹೆಸರು ಹಿಡಿದು ಕರೆಯುತ್ತಾಳೆ.

"ನೀನು ಬಸ್ಸಲ್ಲಿದ್ದೆ. ಮಕ್ಕಳಿದ್ರು ನಿನ್ನ ಹಿಂದೆ."

"ನನ್ನ ಮಗನೂ ಮಗುನೇ."

"ಸುತ್ತಿಗೆ ಇತ್ತಮ್ಮ ಕೈಯಲ್ಲಿ! ಬ್ರಿನ್ ಬಚ್ಚಲಲ್ಲಿ ಚಿಲಕ ಹಾಕ್ಕೊಂಡು ಕೂತಿದ್ಲು. ನಾನೇನ್ ಮಾಡ್ಬೇಕಿತ್ತು, ಹೇಳು."

"ಸುಮ್ನಿರಿ ಇಬ್ಬರೂ," ಅಂದ ವೇಡ್. ವೇಡ್ ಆಲ್ಮಾಳ ಮಗ, ಡೀನಾಳ ಗಂಡ. ಕೌಂಟಿಯ ರಸ್ತೆ ಇಲಾಖೆಯಲ್ಲಿ ಚಳಿಗಾಲಕ್ಕೆ ಹಿಮ ತೆಗೆಯುವ ಲಾರಿ, ಬೇಸಿಗೆಗೆ ಡಾಂಬರು. ಮಾತು ಕಮ್ಮಿ, ಅದೂ ಊಟದ ಮಧ್ಯೆ ಇನ್ನೂ ಕಮ್ಮಿ. "ಆಗಿದ್ದಾಯ್ತು. ಅಲ್ಲಾದ್ರೂ ಮಾತ್ರೆ ಕೊಡ್ತಾರೆ. ಬೆಚ್ಚಗಿರ್ತಾನೆ."

"ನೋಡು, ಅವನೇ ಹೇಳ್ತಾನೆ," ಅಂದಳು ಆಲ್ಮಾ.

ಡೀನಾ ತಟ್ಟೆ ಎತ್ತಿಕೊಂಡು ಹೋಗಿ ಬಟ್ಟೆ ಒಗೆಯುವ ಮೆಷಿನ್ ಮೇಲಿಟ್ಟುಕೊಂಡು ನಿಂತೇ ತಿಂದಳು. ಅಂದಿನಿಂದ ದಿನವೂ ಅಲ್ಲೇ.

ಜೈಲಿನಲ್ಲಿ ಗ್ಯಾರೆಟ್‌ನನ್ನು ಮುಖಾಮುಖಿ ನೋಡಲು ಬಿಡುತ್ತಿರಲಿಲ್ಲ. ಈಗ ಎಲ್ಲ ಪರದೆಯ ಮೇಲೆ. ಕೈದಿ ಅತ್ತ ಒಂದು ಡಬ್ಬಿಯ ಮುಂದೆ ಕೂರಬೇಕು, ಮನೆಯವರು ಇತ್ತ. ಗ್ಯಾರೆಟ್‌ಗೆ ಪರದೆಯೆಂದರೇ ಭಯ. ಒಮ್ಮೆಯೂ ಬರಲಿಲ್ಲ. ಡೀನಾ ಪ್ರತಿ ಭಾನುವಾರ ಖಾಲಿ ಸ್ಟೂಲನ್ನು ನೋಡಿ ಫೋನು ಮುಚ್ಚುತ್ತಿದ್ದಳು. ವಾರಕ್ಕೆರಡು ದಿನ ಮಾತ್ರ ಬರುವ ಜೈಲಿನ ನರ್ಸನ್ನು ಕೊನೆಗೂ ಫೋನಿನಲ್ಲಿ ಹಿಡಿದಳು.

"ಊಟ ಮಾಡ್ತಿದಾನಾ?"

"ತಟ್ಟೆ ಕೊಡ್ತಾರಮ್ಮ. ತಿನ್ನೋದು ಬಿಡೋದು ಅವನಿಗೆ ಬಿಟ್ಟಿದ್ದು. ಮಾತ್ರೆನೂ ಅಷ್ಟೇ. ಬೇಡ ಅಂದ್ರೆ ಬಾಯಿಗೆ ತುರುಕೋ ಹಾಗಿಲ್ಲ ನಾವು."

ಪಕ್ಕದಲ್ಲಿ ಹೋಮ್‌ವರ್ಕ್ ಮಾಡುತ್ತಿದ್ದ ಬ್ರಿನ್, "ಬಾಳೆಹಣ್ಣು ಕೊಡೋಕೆ ಹೇಳಮ್ಮ," ಅಂದಳು. "ಸಿಪ್ಪೆ ಇರೋದು ಏನಾದ್ರೂ. ಸಿಪ್ಪೆ ಇದ್ರೆ ಒಳಗೆ ವಿಷ ಹಾಕೋಕಾಗಲ್ಲ ಅಂತಾನೆ."

ಡೀನಾ ಹೇಳಿದಳು. ಅದಕ್ಕೆ ಡಾಕ್ಟರ ಆಜ್ಞೆ ಬೇಕು ಅಂದಳು ನರ್ಸು. ಡಾಕ್ಟರು ತಿಂಗಳಿಗೊಮ್ಮೆ ಬರುತ್ತಾರಂತೆ.

ಜಾಮೀನು ಕೊಟ್ಟು ಬಿಡಿಸಿ ತರಬಹುದಿತ್ತಲ್ಲ ಎಂದು ನೀವು ಕೇಳಬಹುದು. ಊರೆಲ್ಲ ಅದನ್ನೇ ಕೇಳಿತು. ಅದರಲ್ಲೂ ಒಂದು ಕೊಕ್ಕೆ ಇತ್ತು. ಸರಕಾರ ಕೊಟ್ಟ ವಕೀಲೆ, ಮಿಸ್ ಓಡೆಲ್ ಎಂಬ ಚುರುಕು ಹೆಂಗಸು, ಕೋರ್ಟಿನ ಮೆಟ್ಟಿಲ ಮೇಲೆ ನಿಂತು ವಿವರಿಸಿದಳು.

"ಹುಡುಗನಿಗೆ ಕೇಸು ಅರ್ಥ ಆಗ್ತಿಲ್ಲ ಅಂತ ಜಡ್ಜ್ ಒಪ್ಪಿದಾರೆ. ರಾಜ್ಯದ ಮಾನಸಿಕ ಆಸ್ಪತ್ರೆಗೆ ಕಳಿಸ್ಬೇಕು. ಆದ್ರೆ ಅಲ್ಲಿ ಹಾಸಿಗೆ ಖಾಲಿ ಇಲ್ಲ, ಸರದಿ ಇದೆ. ಜೈಲಲ್ಲಿರೋರಿಗೆ ಮೊದಲು. ನೀವು ಮನೆಗೆ ಕರ್ಕೊಂಡ್ ಹೋದ್ರೆ ಸರದಿ ತುದಿಗೆ ಹೋಗ್ತಾನೆ."

"ಅಂದ್ರೆ ಆಸ್ಪತ್ರೆ ಬೇಕಂದ್ರೆ ಜೈಲಲ್ಲೇ ಇರ್ಬೇಕು," ಅಂದ ವೇಡ್.

"ಹಾಗೇ ಅಂದ್ಕೊಳ್ಳಿ."

"ಎಷ್ಟು ದಿನ?"

"ಅದನ್ನ ಕೇಳ್ಬೇಡಿ. ನಾನು ಸುಳ್ಳು ಹೇಳ್ಬೇಕಾಗತ್ತೆ."

ಅತ್ತ ದರಿ, ಇತ್ತ ಪುಲಿ. ಮನೆಯವರು ದರಿಯ ಪಕ್ಕದಲ್ಲೇ ಕಾಯೋಣ, ಸರದಿ ಬರುವ ತನಕ ಅವನು ಜೈಲಿನಲ್ಲೇ ಇರಲಿ ಎಂದರು. ನಿಜ ಹೇಳಬೇಕೆಂದರೆ ಅದಕ್ಕೆ ಇನ್ನೊಂದು ಕಾರಣವೂ ಇತ್ತು, ಯಾರೂ ಬಾಯಿಬಿಡದ್ದು. ಅವನಿಲ್ಲದ ಮನೆಯಲ್ಲಿ ಬ್ರಿನ್ ಕುರ್ಚಿಯನ್ನು ಬಾಗಿಲಿಗೆ ಆನಿಸದೆ ಮಲಗುತ್ತಿದ್ದಳು.

ಇದೇ ಹೊತ್ತಿಗೆ ಕೌಂಟಿಗೆ ಹೊಸ ಜೈಲಿನ ಹುಚ್ಚು ಹಿಡಿದಿತ್ತು. ಹಳೆಯದರಲ್ಲಿ ಹಿಡಿಸುವುದಕ್ಕಿಂತ ಇಮ್ಮಡಿ ಜನ, ಚರಂಡಿ ಉಕ್ಕುತ್ತದೆ, ಎರಡು ಸಲ ಮೊಕದ್ದಮೆ ಬಿದ್ದಿದೆ. ಈಗಿನ ಯೋಜನೆಯಲ್ಲಿ ಮನೋರೋಗಿಗಳಿಗೇ ಒಂದು ಪ್ರತ್ಯೇಕ ವಿಭಾಗ, ದಿನವೂ ನರ್ಸು, ಸಲಹೆಗಾರರು. ಅದಕ್ಕೆ ತೆರಿಗೆ ಏರಬೇಕು. ತೆರಿಗೆ ಅಂದರೆ ನಮ್ಮ ಜನ ಕರಡಿ ಕಂಡಂತೆ ಆಡುತ್ತಾರೆ. ಅವರ ಮನಸ್ಸು ತಿರುಗಿಸಲು ಕೌಂಟಿಯ ಆಡಳಿತ ನಡೆಸುವ ಕಮಿಷನರುಗಳು ಒಂದು ಉಪಾಯ ಹೂಡಿದರು. ಶನಿವಾರ ಬೆಳಿಗ್ಗೆ ಹಳೇ ಜೈಲನ್ನು ಸಾರ್ವಜನಿಕರಿಗೆ ತೋರಿಸುವುದು. ಕಾಫಿ, ಡೋನಟ್ ಉಚಿತ.

ಕಮಿಷನರ್ ಲೈಲ್ ವೂಸ್ಟರ್ ಖುದ್ದು ಮನೆಗೆ ಬಂದ. ಹಂದಿ ಸಾಕುವವನು, ಸಜ್ಜನ, ಬೂಟು ಹೊರಗೇ ಬಿಚ್ಚಿ ಬಂದ.

"ಆಲ್ಮಾ, ನೀವು ಬಂದ್ರೆ ಪೇಪರ್‌ನವರು ಫೋಟೋ ತೆಗೀತಾರೆ. ಮರ್ಲ್ ಹೆಂಡ್ತಿನೇ ಹೊಸದು ಬೇಕು ಅಂದ್ರೆ ಯಾರು ಬೇಡ ಅಂತಾರೆ?"

"ನಾನೆಲ್ಲಪ್ಪ ಬೇಕು ಅಂದೆ? ಆ ಕಟ್ಟಡಕ್ಕೇನಾಗಿದೆ ದಾಡಿ?"

"ಬಂದು ನೋಡಿ, ಆಮೇಲೆ ಹೇಳಿ."

ಡೀನಾ ಬಟ್ಟೆಯ ಮೆಷಿನ್ ಪಕ್ಕದಿಂದ ಈಚೆ ಬಂದಳು. "ಒಳಗೆಲ್ಲಾ ತೋರಿಸ್ತೀರಾ ಲೈಲ್? ಕೋಣೆಗಳನ್ನೂ?"

"ಎಲ್ಲಾ."

"ಹಾಗಾದ್ರೆ ನಾನೂ ಬರ್ತೀನಿ. ಅತ್ತೆಗೆ ಕೈ ಹಿಡ್ಕೊಳ್ಳೋಕೆ ಯಾರಾದ್ರೂ ಬೇಕಲ್ಲ."

ಲೈಲ್ ಹೋದಮೇಲೆ ವೇಡ್ ಹೆಂಡತಿಯನ್ನು ತಡೆದ. "ಅಲ್ಲಿ ಹೋಗಿ ಬಾಯಿ ತೆಗೀಬೇಡ. ಕೈದಿಗಳ ಹತ್ರ ಮಾತಾಡೋ ಹಾಗಿಲ್ಲ. ನಾನು ಕೌಂಟಿ ಕೂಳು ತಿನ್ನೋನು."

"ತೆಗೆಯಲ್ಲ. ಉಸಿರಾಡ್ತಿದಾನಾ ಅಂತ ನೋಡಿ ಬರ್ತೀನಿ, ಅಷ್ಟೇ."

"ಚೆನ್ನಾಗೇ ಇರ್ತಾನೆ, ಸುಮ್ನೆ ಹೆದರ್ತೀರ," ಅಂದಳು ಆಲ್ಮಾ. ಆದರೆ ಅವತ್ತು ಆಕೆಗೂ ಊಟ ಸೇರಲಿಲ್ಲ.

ಶನಿವಾರ ಜನ ಸಾಕಷ್ಟು ಬಂದಿದ್ದರು. ತೆರಿಗೆ ಬೇಡವೆನ್ನುವ ರೈತರು, ಚರ್ಚಿನ ಹೆಂಗಸರು, ಪತ್ರಿಕೆಯ ಒಬ್ಬ ಹುಡುಗಿ. ಜೈಲಿನ ಉಸ್ತುವಾರಿ ಕ್ಯಾಪ್ಟನ್ ಟ್ರೌಟ್ ಎಲ್ಲರಿಗೂ ಮುಚ್ಚಳ ಹಾಕಿದ ಕಾಫಿ ಕೊಟ್ಟು, ಕೈಬೀಸುವುದು, ಮಾತಾಡಿಸುವುದು ಕೂಡದೆಂದು ಹೇಳಿ ಒಳಗೆ ಕರೆದೊಯ್ದ. ಆಲ್ಮಾ ಕೈಯಲ್ಲಿ ಕಾಗದದಲ್ಲಿ ಸುತ್ತಿದ ಡೋನಟ್ಟಿತ್ತು. ಆಕೆ ನಡೆಯುತ್ತ ಡೀನಾಗೆ ತೋರಿಸುತ್ತಿದ್ದಳು: ಇಲ್ಲಿ ನಮ್ಮ ಸೋಫಾ, ಇಲ್ಲಿ ವೇಡ್‌ನ ತೊಟ್ಟಿಲು. ಸೋಫಾ ಇದ್ದಲ್ಲಿ ಈಗ ಬೆರಳಚ್ಚು ತೆಗೆಯುವ ಮೇಜು. ಹಿಂದಿನ ಕೋಣೆಗಳಲ್ಲಿ ಗಂಡಸರು ನೆಲದ ಮೇಲೆ ಪ್ಲಾಸ್ಟಿಕ್ ದೋಣಿಯಂಥ ಹಾಸಿಗೆಗಳಲ್ಲಿ ಒಬ್ಬರ ಕಾಲಿಗೆ ಒಬ್ಬರ ತಲೆ ಇಟ್ಟು ಮಲಗಿದ್ದರು. ವಾಸನೆಗೆ ಚರ್ಚಿನ ಹೆಂಗಸೊಬ್ಬಳು ಕರವಸ್ತ್ರ ತೆಗೆದಳು. ಡೀನಾ ಒಂದೊಂದೇ ಮುಖ ನೋಡುತ್ತ ಬಂದಳು. ಗ್ಯಾರೆಟ್ ಇರಲಿಲ್ಲ. ಆಕೆ ಅತ್ತೆಯ ತೋಳನ್ನು ಹಿಂಡತೊಡಗಿದಳು.

ಮತ್ತೆ ಮುಂದಿನರ್ಧಕ್ಕೆ ಬಂದು ಟ್ರೌಟ್ ಒಂದು ಉಕ್ಕಿನ ಬಾಗಿಲ ಮುಂದೆ ನಿಂತ. ಬಾಗಿಲಲ್ಲಿ ಅಂಗೈಯಗಲದ ಗಾಜು.

"ಇದೇ ನಮ್ಮ ದೊಡ್ಡ ತಲೆನೋವು," ಅಂದ. ನಾಟಕವಿರಲಿಲ್ಲ ಅವನ ದನಿಯಲ್ಲಿ, ನಾಚಿಕೆಯಿತ್ತು. "ತಲೆ ಕೆಟ್ಟೋರನ್ನ ಬೇರೆಯವರ ಜೊತೆ ಹಾಕಿದ್ರೆ ಹೊಡೆದಾಟ. ಬೇರೆ ಜಾಗ ಇಲ್ಲ. ಅದಕ್ಕೆ ಈ ಹಳೇ ರೂಮನ್ನ ಹೀಗೆ ಮಾಡ್ಕೊಂಡಿದೀವಿ. ನಾವು ಡಾಕ್ಟರುಗಳಲ್ಲ ಸ್ವಾಮಿ. ಇವತ್ತು ಇವನನ್ನ ಬೇರೆ ಕಡೆ ಇಡೋಣ ಅಂದ್ಕೊಂಡೆ, ಆಗ್ಲಿಲ್ಲ. ಹೊಸ ಜೈಲು ಯಾರಿಗೋಸ್ಕರ ಅಂದ್ರೆ, ಇಂಥವರಿಗೋಸ್ಕರ. ಒಬ್ಬೊಬ್ಬರೇ ಬಂದು ನೋಡಿ."

ಜನ ಸಾಲಾಗಿ ನೋಡಿದರು. ರೈತನೊಬ್ಬ ನೋಡಿ ಟೋಪಿ ತೆಗೆದ. ಆಲ್ಮಾಳ ಸರದಿ ಬಂತು. ಆಕೆ ಮೊದಲು ನೋಡಿದ್ದು ನೆಲ. ಬಿಳಿ ಕಪ್ಪು ಚೌಕದ ಆ ನೆಲವನ್ನು ಆಕೆ ಮಂಡಿಯೂರಿ ಒರೆಸಿದವಳು. ಮೂಲೆಯಲ್ಲಿ ನೀರು ಹೋಗುವ ತೂತು, ಕಿಟಕಿಯಿದ್ದಲ್ಲಿ ಇಟ್ಟಿಗೆ. ಒಲೆಯಿದ್ದ ಗೋಡೆಗೆ ಒರಗಿ, ಹರಿಯಲಾಗದ ದಪ್ಪ ಹಸಿರು ರಜಾಯಿಯಂಥ ಅಂಗಿಯೊಂದನ್ನೇ ತೊಟ್ಟು, ಒಬ್ಬ ಮುದುಕ ಕೂತಿದ್ದ. ಗಡ್ಡ, ಮೂಳೆ, ಅಷ್ಟೇ. ಪಕ್ಕದಲ್ಲಿ ಮುಟ್ಟದ ತಟ್ಟೆ.

ಮುದುಕನಲ್ಲ. ಅವನ ವಯಸ್ಸು ಇಪ್ಪತ್ತನಾಲ್ಕು.

"ಇದು ನನ್ನ ಅಡುಗೆಮನೆ," ಅಂದಳು ಆಲ್ಮಾ, ಯಾರಿಗೂ ಅಲ್ಲ. ಆಮೇಲೆ ಗಾಜಿಗೆ ಬಾಯಿಟ್ಟು ಜೋರಾಗಿ, "ಗ್ಯಾರೆಟ್!" ಅಂದಳು.

"ಅಮ್ಮಾವ್ರೇ, ಮಾತಾಡೋ ಹಾಗಿ—" ಟ್ರೌಟ್ ಹೆಸರು ಕೇಳಿ ಅರ್ಧಕ್ಕೇ ನಿಲ್ಲಿಸಿದ. ಒಳಗಿದ್ದವನು ಈಕೆಯ ಮೊಮ್ಮಗನೆಂದು ಆಗ ಅವನಿಗೆ ಹೊಳೆಯಿತು.

ಗ್ಯಾರೆಟ್ ಗೋಡೆ ಹಿಡಿದು ಎದ್ದು ಬಂದ. ಗಾಜಿನಿಂದ ಅಜ್ಜಿಯ ಮುಖ ನೋಡಿದ, ಕೈಯಲ್ಲಿದ್ದ ಡೋನಟ್ ನೋಡಿದ. ಅವನ ಕಣ್ಣಲ್ಲಿ ಅಂಥ ಗಾಬರಿಯನ್ನು ಯಾರೂ ನೋಡಿರಲಿಲ್ಲ.

"ನಿನ್ನನ್ನೂ ತಂದ್ರಾ ಅಜ್ಜಿ? ಅದನ್ನ ತಿನ್ಬೇಡ. ಇಲ್ಲಿ ಏನೂ ತಿನ್ಬೇಡ. ಉಗುಳು, ಉಗುಳು ಅದನ್ನ!"

ಅವನು ಬಾಗಿಲನ್ನು ಅಂಗೈಯಿಂದ ಬಡಿಯತೊಡಗಿದ. ಜನ ಹಿಂದೆ ಸರಿದರು. ಡೀನಾ ಗಂಡನಿಗೆ ಕೊಟ್ಟ ಮಾತಿನಂತೆ ಬಾಯಿ ತೆಗೆಯಲಿಲ್ಲ. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಪತ್ರಿಕೆಯ ಹುಡುಗಿ ಕ್ಯಾಮೆರಾ ಕೆಳಗಿಳಿಸಿದಳು. ಹೊರಗೆ ಬರುವ ತನಕ ಆ ಬಡಿತ ಕೇಳಿಸುತ್ತಿತ್ತು.

ಅವತ್ತು ರಾತ್ರಿಯೂಟಕ್ಕೆ ಯಾರೂ ಒಲೆ ಹಚ್ಚಲಿಲ್ಲ. ಬ್ರಿನ್ ಬ್ರೆಡ್ಡು, ಚೀಸು ಮೇಜಿನ ಮೇಲಿಟ್ಟಳು. ಡೀನಾ ಬಹಳ ದಿನದ ಮೇಲೆ ಮೇಜಿಗೆ ಬಂದು ಕೂತಳು.

"ಸೋಮವಾರ ಬಿಡಿಸ್ಕೊಂಡ್ ಬರ್ತೀನಿ," ಅಂದಳು.

"ಸರದಿ ಹೋಗತ್ತೆ," ಅಂದ ವೇಡ್.

"ಸರದಿ ಬರೋ ಹೊತ್ತಿಗೆ ಅವನಿರಲ್ಲ. ನೀನು ನೋಡ್ಲಿಲ್ಲ ವೇಡ್. ನಾನು ನೋಡಿದೆ."

"ಕರ್ಕೊಂಡ್ ಬಂದು? ಸುತ್ತಿಗೆ ಎಲ್ಲಿಡ್ತೀಯ? ಚಾಕು ಎಲ್ಲಿಡ್ತೀಯ? ನಾನು ಲಾರೀಲಿ, ನೀನು ಬಸ್ಸಲ್ಲಿ. ಮನೇಲಿ ಈ ಮುದುಕಿ ಮತ್ತೆ ಈ ಹುಡುಗಿ. ಮತ್ತೆ ಅದೇ ಆದ್ರೆ? ಮತ್ತೆ ಅದೇ ನಂಬರಿಗೆ ಫೋನ್ ಮಾಡ್ತೀರಾ?"

"ಮಾಡಲ್ಲ," ಅಂದಳು ಆಲ್ಮಾ. ಜೈಲಿನಿಂದ ಬಂದಮೇಲೆ ಆಕೆ ಆಡಿದ ಮೊದಲ ಮಾತು ಅದು. "ಅವನು ನನ್ನನ್ನ ಕೊಂದ್ರೂ ಮಾಡಲ್ಲ."

"ಹಾಗೆಲ್ಲ ಹೇಳ್ಬೇಡ ಅಜ್ಜಿ!" ಬ್ರಿನ್ ಚೀರಿದಳು. ಎಲ್ಲರೂ ಅವಳ ಕಡೆ ತಿರುಗಿದರು. ಯಾರೂ ಅವಳನ್ನು ಕೇಳಿರಲಿಲ್ಲ. "ಅವನು ಇಲ್ಲಿಗೆ ಬರೋದು ನನಗೆ ಬೇಡ. ಅಲ್ಲಿರೋದೂ ಬೇಡ. ನನಗೆ ಅವನು ಮೊದಲಿನ ಹಾಗೆ ಬೇಕು, ಅಷ್ಟೇ." ಅವಳು ಅತ್ತಳು. ವೇಡ್ ಎದ್ದು ಹೋಗಿ ಅವಳ ಹಿಂದೆ ನಿಂತು ಹೆಗಲ ಮೇಲೆ ಕೈಯಿಟ್ಟ. ಹಾಗೇ ನಿಂತು ಹೆಂಡತಿಯನ್ನು ನೋಡಿ, "ನನ್ನ ಸಲಕರಣೆ ಪೆಟ್ಟಿಗೆ ಡಿಪೋಗೆ ಸಾಗಿಸ್ತೀನಿ," ಅಂದ. ಅದು ಅವನ ಒಪ್ಪಿಗೆ.

ಗ್ಯಾರೆಟ್ ಮನೆಗೆ ಬಂದ. ಬೇಯಿಸಿದ ಮೊಟ್ಟೆ, ಬಾಳೆಹಣ್ಣು, ಕಿತ್ತಳೆ. ತಾನೇ ಸುಲಿದದ್ದು ಮಾತ್ರ ತಿಂದ. ಮನೆಯಲ್ಲಿ ಬ್ರೆಡ್ಡು ಕೊಯ್ಯಲೂ ಚಾಕುವಿರಲಿಲ್ಲ. ಎಲ್ಲ ವೇಡ್‌ನ ಟ್ರಕ್ಕಿನ ಸೀಟಿನ ಕೆಳಗೆ. ಊರಿನ ಕ್ಲಿನಿಕ್ಕು ಮುಂದಿನ ತಿಂಗಳ ಕೊನೆಗೆ ಸಮಯ ಕೊಟ್ಟಿತು. ಅವನು ಯಾರಿಗೂ ಏನೂ ಮಾಡಲಿಲ್ಲ. ಮನೆಯೊಳಗೆ ಓಡಾಡುತ್ತಿದ್ದ, ಅಷ್ಟೇ. ಆದರೆ ಅವನ ಹೆಜ್ಜೆ ನಿಂತಾಗಲೆಲ್ಲ ಉಳಿದವರ ಕೈಯಲ್ಲಿದ್ದ ಕೆಲಸವೂ ನಿಲ್ಲುತ್ತಿತ್ತು. ಡೀನಾ ಹಿಟ್ಟು ಕಲಸುತ್ತಿದ್ದವಳು ಹಾಗೇ ಕಿವಿಗೊಡುತ್ತಿದ್ದಳು. ಬ್ರಿನ್ ಶಾಲೆಯಿಂದ ಬಂದರೆ ಬಾಗಿಲ ಹತ್ತಿರ ಕಾಲಿನ ಬೂಟು ಕಳಚದೆ ಒಂದು ಗಳಿಗೆ ನಿಲ್ಲುತ್ತಿದ್ದಳು. ಆಲ್ಮಾ ಹಗಲೆಲ್ಲ ಅವನ ಎದುರಿಗೇ ಕೂತು, ಮೊಟ್ಟೆ ಸುಲಿದುಕೊಟ್ಟರೆ ತಿನ್ನುವುದಿಲ್ಲವೆಂದು ಗೊತ್ತಿದ್ದೂ ಒಂದೊಂದು ಸುಲಿದು ತಾನೇ ತಿನ್ನುತ್ತಿದ್ದಳು. ಪ್ರೀತಿ ಇತ್ತು, ಇಲ್ಲವೆನ್ನಬಾರದು. ಭಯವೂ ಇತ್ತು. ಒಂದೇ ಮನೆಯಲ್ಲಿ ಎರಡೂ ಒಂದೇ ಕುರ್ಚಿಯ ಮೇಲೆ ಕೂರುತ್ತಿದ್ದವು.

ಹೊಸ ಜೈಲಿನ ತೆರಿಗೆಗೆ ಕೌಂಟಿಯ ಕೌನ್ಸಿಲು ಮತ ಹಾಕುವ ದಿನ ಲೈಲ್ ಬಂದು ಆಲ್ಮಾಳನ್ನು ಕರೆದೊಯ್ದ. ವೇಡ್ ಕೆಲಸ ಮುಗಿಸಿ ನೇರ ಅಲ್ಲಿಗೇ ಹೋದ. ಮಾತಾಡಲು ಒಬ್ಬೊಬ್ಬರಿಗೆ ಮೂರು ನಿಮಿಷ. ಆಲ್ಮಾಗೆ ಅಷ್ಟು ಬೇಕಾಗಲಿಲ್ಲ. "ನಾನು ಮರ್ಲ್ ಕ್ರಾಂಟ್ಸ್ ಹೆಂಡ್ತಿ. ಆ ಅಡುಗೆಮನೇಲಿ ಮನುಷ್ಯರನ್ನ ಇಡ್ಬೇಡಿ. ಕಟ್ಟಿ, ಬೇಗ ಕಟ್ಟಿ," ಅಂದು ಕೂತಳು. ತೆರಿಗೆ ಬೇಡವೆಂದು ಬಂದ ರೈತರೂ ತಲೆ ತಗ್ಗಿಸಿದರು. ಊರು ಸೂರೆ ಹೋದಮೇಲೆ ಕೋಟೆ ಬಾಗಿಲು ಹಾಕಿದಂತೆ, ಅಂತೂ ಜೈಲು ಮಂಜೂರಾಯಿತು.

ವೇಡ್ ತಾಯಿಯನ್ನು ಕರೆದುಕೊಂಡು ಮನೆಗೆ ಬಂದಾಗ ಅವನ ಮುಖದಲ್ಲಿ ಎಷ್ಟೋ ವಾರದ ಮೇಲೆ ಗೆಲುವಿತ್ತು.

"ಪಾಸಾಯ್ತು! ನಿಮ್ಮತ್ತೆ ಒಂದೇ ಏಟಿಗೆ ಎಲ್ಲರ ಬಾಯಿ ಮುಚ್ಚಿಸಿದ್ಲು ಕಣೇ."

"ಬಿಡೋ, ಸಾಕು," ಅಂದಳು ಆಲ್ಮಾ. ಆದರೂ ನಗುತ್ತಿದ್ದಳು.

ಡೀನಾ ಅತ್ತೆಯ ಕೋಟು ತೆಗೆದುಕೊಂಡಳು. "ಕೂತ್ಕೊಳ್ಳಿ ಅತ್ತೆ, ಕಾಫಿ ಬಿಸಿ ಇದೆ." ಬ್ರಿನ್ ಕೂಡ ಮೆಟ್ಟಿಲಿಳಿದು ಬಂದಳು. ವೇಡ್ ಅಲ್ಲಿ ಹಂಚಿದ್ದ ನಕ್ಷೆಯನ್ನು ಮೇಜಿನ ಮೇಲೆ ಹರಡಿದ. ಒರಟು ಬೆರಳಿನಿಂದ ತೋರಿಸಿದ: ಇಲ್ಲಿ ನರ್ಸು ಕೂರುವುದು, ಇಲ್ಲಿ ಡಾಕ್ಟರು, ಈ ಕಡೆ ಪೂರ್ತಿ ಮನಸ್ಸಿನ ಕಾಯಿಲೆಯವರದು, ಒಂದೊಂದು ಕೋಣೆಗೂ ಕಿಟಕಿ. ನಾಲ್ಕು ತಲೆಗಳೂ ಅದರ ಮೇಲೆ ಬಾಗಿದ್ದವು. ಐದನೆಯದು ಯಾವಾಗ ಬಂದು ಬಾಗಿತೋ ಯಾರಿಗೂ ತಿಳಿಯಲಿಲ್ಲ.

"ಇದರಲ್ಲಿ ನನ್ನದು ಯಾವುದು?" ಅಂದ ಗ್ಯಾರೆಟ್.

"ಏನಪ್ಪ?" ಅಂದ ವೇಡ್.

"ನನ್ನ ರೂಮು. ಇಂಥವರಿಗೋಸ್ಕರ ಕಟ್ತೀವಿ ಅಂತ ಟ್ರೌಟ್ ಸಾಹೇಬರು ಹೇಳಿದ್ರಲ್ಲ, ಅವತ್ತು ಬಾಗಿಲ ಹತ್ರ. ಎಲ್ಲರೂ ಬಂದು ನನ್ನ ನೋಡಿದ್ರಲ್ಲ." ಅವನ ದನಿ ಶಾಂತವಾಗಿತ್ತು, ಒಳ್ಳೆಯ ಹುಡುಗನ ದನಿ. "ಯಾವಾಗ ಹೋಗ್ಬೇಕು?"

ವೇಡ್ ನಕ್ಷೆಯ ಅಂಚನ್ನು ಸವರುತ್ತ, "ಅದು ಕಟ್ಟೋಕೆ ಮೂರು ವರ್ಷ ಆಗತ್ತೆ ಮಗ," ಅಂದ.

ಗ್ಯಾರೆಟ್ ಅದನ್ನು ಯೋಚಿಸಿದ. ಒಬ್ಬೊಬ್ಬರ ಮುಖವನ್ನೇ ನೋಡುತ್ತ ಬಂದ, ತಂಗಿಯ ಮುಖದ ಮೇಲೆ ನಿಂತ.

"ಹಾಗಾದ್ರೆ ಅಲ್ಲೀವರೆಗೂ ಇಲ್ಲೇ ಇರ್ಬಹುದಾ?"

ಇರಬಹುದು ಎಂದು ಎಲ್ಲರೂ ಹೇಳಿದರು. ಒಟ್ಟಿಗೇ ಹೇಳಿದರು, ಅವನ ಬೆನ್ನು ತಟ್ಟಿ, ಕೈ ಹಿಡಿದು ಹೇಳಿದರು. ಆದರೆ ಅದಕ್ಕೆ ಮುಂಚೆ ಒಂದು ಗಳಿಗೆ ಯಾರೂ ಏನೂ ಹೇಳಿರಲಿಲ್ಲ, ಮತ್ತು ಗ್ಯಾರೆಟ್ ಅದನ್ನು ಕೇಳಿಸಿಕೊಂಡಿದ್ದ.